ಬೆಂಕಿ ಆರಿಸುವ ಗಾಳಿಯಲ್ಲೇ ಉರಿಯುವ ಲೋಹ

ಗಾಜಿನ ಜಾಡಿಯ ತುಂಬ ಕಾರ್ಬನ್ ಡೈ ಆಕ್ಸೈಡ್. ಉರಿಯುವ ಕಡ್ಡಿ ಇಳಿಸಿದರೆ ತಟ್ಟನೆ ಆರಿಹೋಗುತ್ತದೆ. ಹೊತ್ತಿಸಿದ ಮೆಗ್ನೀಸಿಯಂ ಪಟ್ಟಿ ಮಾತ್ರ ಆರುವುದಿಲ್ಲ. ಚಟಪಟ ಸಿಡಿಯುತ್ತಾ, ಕಣ್ಣು ಕೋರೈಸುವಂತೆ ಉರಿಯುತ್ತಲೇ ಇರುತ್ತದೆ. ಕೊನೆಗೆ ಬಿಳಿ ಬೂದಿ ಉಳಿಯುತ್ತದೆ. ಅದರ ನಡುವೆ, ಜಾಡಿಯ ಒಳಮೈಗೆ ಅಂಟಿಕೊಂಡು, ಕಪ್ಪು ಚುಕ್ಕೆಗಳು. ನನಗೆ ಆ ಬೆಳಕಿಗಿಂತ ಈ ಮಸಿಯೇ ಜಾಸ್ತಿ ಇಷ್ಟ. ಬಣ್ಣವೇ ಇಲ್ಲದ ಗಾಳಿಯೊಳಗೆ ಇದ್ದಿಲು ಅಡಗಿತ್ತು ಅಲ್ವಾ!

ಮೆಗ್ನೀಸಿಯಂ ಮತ್ತು ಈ ಗಾಳಿಯ ನಂಟು ಹಳೆಯದು. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ‘ಮೆಗ್ನೀಸಿಯಾ ಆಲ್ಬಾ’ ಎಂಬ ಬಿಳಿ ಪುಡಿಯನ್ನು ಕಾಯಿಸಿದರು. ತೂಕ ಇಳಿಯಿತು. ಪುಡಿಯಿಂದ ಒಂದು ಗಾಳಿ ಹೊರಟುಹೋಗಿತ್ತು. ಅದೇ ಇವತ್ತಿನ ಕಾರ್ಬನ್ ಡೈ ಆಕ್ಸೈಡ್. ಉಳಿದ ಪುಡಿಯಲ್ಲಿ ಮೆಗ್ನೀಸಿಯಂ ಇತ್ತು, ಆಕ್ಸಿಜನ್ ಜೊತೆ ಬಿಗಿಯಾಗಿ ಕೂಡಿಕೊಂಡು. ಆ ಲೋಹವನ್ನು ಬಿಡಿಸಲು ಅರ್ಧ ಶತಮಾನವೇ ಬೇಕಾಯಿತು. 1808ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ವಿದ್ಯುತ್ ಹರಿಸಿ ಅದನ್ನು ಬೇರ್ಪಡಿಸಿದರು.

ಅಷ್ಟರೊಳಗೆ ಗಾಳಿಯ ಗುಟ್ಟು ಬಯಲಾಗಿತ್ತು. 1791ರಲ್ಲಿ ಇಂಗ್ಲೆಂಡಿನ ಇನ್ನೊಬ್ಬ ವಿಜ್ಞಾನಿ ಸ್ಮಿತ್ಸನ್ ಟೆನ್ನೆಂಟ್ ಅಮೃತಶಿಲೆಯ ಪುಡಿಯನ್ನು ರಂಜಕದ ಜೊತೆ ಕಾಯಿಸಿ, ಅದರೊಳಗಿನ ಕಾರ್ಬನ್ ಡೈ ಆಕ್ಸೈಡಿನಿಂದ ಇದ್ದಿಲು ತೆಗೆದು ತೋರಿಸಿದ್ದರು. ಆಕ್ಸಿಜನ್ನನ್ನು ಕಿತ್ತುಕೊಳ್ಳುವಷ್ಟು ಬಲವಿದ್ದರೆ ಸಾಕು, ಕಾರ್ಬನ್ ಹೊರಬೀಳುತ್ತದೆ.

ಮೆಗ್ನೀಸಿಯಂಗೆ ಆ ಬಲ ಧಾರಾಳವಾಗಿದೆ. ಆಕ್ಸಿಜನ್ ಮೇಲೆ ಅದಕ್ಕೆ ಕಾರ್ಬನ್‌ಗಿಂತ ಸೆಳೆತ ಜಾಸ್ತಿ. ಸುಮಾರು 48 ಗ್ರಾಂ ಲೋಹ 44 ಗ್ರಾಂ ಕಾರ್ಬನ್ ಡೈ ಆಕ್ಸೈಡ್ ಜೊತೆ ಸೇರಿದರೆ, 80 ಗ್ರಾಂ ಮೆಗ್ನೀಸಿಯಂ ಆಕ್ಸೈಡ್, 12 ಗ್ರಾಂ ಕಾರ್ಬನ್ ಸಿಗುತ್ತದೆ. ಹೊರಬರುವ ಶಾಖ ಸುಮಾರು 810 ಕಿಲೋಜೂಲ್. ಕಟ್ಟಿಗೆ, ಎಣ್ಣೆಗಳಿಗೆ ಈ ತಾಕತ್ತಿಲ್ಲ. ಅದಕ್ಕೇ ಅವು ಈ ಗಾಳಿಯಲ್ಲಿ ಆರುತ್ತವೆ.

1860ರ ದಶಕದಲ್ಲಿ ಫೋಟೋಗ್ರಾಫರುಗಳು ಮೆಗ್ನೀಸಿಯಂ ಉರಿಯ ಬೆಳಕನ್ನು ಕತ್ತಲ ಜಾಗಗಳಿಗೆ ಒಯ್ದರು. ಈಜಿಪ್ಟಿನ ಮಹಾ ಪಿರಮಿಡ್ಡಿನ ಒಳಗೆ ಖಗೋಳ ವಿಜ್ಞಾನಿ ಚಾರ್ಲ್ಸ್ ಪಿಯಾಜಿ ಸ್ಮಿತ್ 1865ರಲ್ಲಿ ಚಿತ್ರ ತೆಗೆದದ್ದು ಇದೇ ಲೋಹ ಉರಿಸಿ. ಎರಡನೇ ಮಹಾಯುದ್ಧದಲ್ಲಿ ಅದೇ ಲೋಹ ಬೆಂಕಿ ಬಾಂಬಾಗಿ ಊರುಗಳ ಮೇಲೆ ಸುರಿಯಿತು. ಉರಿಯುವ ಮೆಗ್ನೀಸಿಯಂಗೆ ಸುಮ್ನೆ ನೀರು ಎರಚಿದರೆ ಹೈಡ್ರೋಜನ್ ಹುಟ್ಟಿ ಬೆಂಕಿ ಇನ್ನೂ ಭುಗಿಲೇಳುತ್ತದೆ. ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರೂ ಉಪಯೋಗಕ್ಕಿಲ್ಲ. ಲೋಹದ ಬೆಂಕಿಗೆಂದೇ ಮಾಡಿದ ಒಣ ಪುಡಿಯನ್ನು ದಪ್ಪಗೆ ಮುಚ್ಚಬೇಕು.

ಡ್ರೈ ಐಸ್ ಅಂದರೆ ಗಟ್ಟಿಯಾದ ಕಾರ್ಬನ್ ಡೈ ಆಕ್ಸೈಡ್. ಅದರ ಗಡ್ಡೆಯಲ್ಲಿ ಗುಳಿ ತೋಡಿ, ಮೆಗ್ನೀಸಿಯಂ ಚೂರು ಹಾಕಿ ಹೊತ್ತಿಸಿ, ಇನ್ನೊಂದು ಗಡ್ಡೆ ಮುಚ್ಚಿದರೆ ಇಡೀ ಗಡ್ಡೆ ಒಳಗಿನಿಂದ ಲಾಟೀನಿನ ಹಾಗೆ ಬೆಳಗುತ್ತದೆ. ಮೈನಸ್ 78 ಡಿಗ್ರಿಯ ತಣ್ಣನೆಯ ಗೂಡಿನಲ್ಲಿ ಸಾವಿರಾರು ಡಿಗ್ರಿಯ ಉರಿ. ಮೇಲಿನ ಗಡ್ಡೆ ಎತ್ತಿದಾಗ ಗುಳಿಯ ತಳದಲ್ಲಿ ಬಿಳಿ ಪುಡಿ, ಅದರೊಳಗೆ ಮತ್ತೆ ಅದೇ ಮಸಿ.