ಪಿಂಗ್ ಬರ್ತಿದೆ, ಮೀಟರ್ ರೀಡಿಂಗ್ ಯಾಕೆ ಬರ್ತಿಲ್ಲ?

ಪ್ರಶ್ನೆ: ನಮ್ಮ ಪ್ಯಾನೆಲ್‌ಗಳಲ್ಲಿ ಆರ್‌ಎಸ್-485 (ಎ, ಬಿ ಎಂಬ ವೈರ್‌ಗಳ ಸೀರಿಯಲ್ ಲೈನ್) ಎನರ್ಜಿ ಮೀಟರ್‌ಗಳಿವೆ. ನಡುವೆ ಗೇಟ್‌ವೇ (ಸೀರಿಯಲ್ ಲೈನನ್ನೂ ನೆಟ್‌ವರ್ಕನ್ನೂ ಜೋಡಿಸುವ ಪೆಟ್ಟಿಗೆ) ಹಾಕಿ ಪ್ಲಾಂಟ್ ನೆಟ್‌ವರ್ಕ್‌ಗೆ ಸೇರಿಸಿದ್ದೇವೆ. ಪಿಂಗ್ (ಐಪಿ ವಿಳಾಸಕ್ಕೆ "ಇದ್ದೀಯಾ?" ಅಂತ ಕೇಳುವ ಪರೀಕ್ಷೆ) ಚೆನ್ನಾಗಿ ಬರುತ್ತಿದೆ. ಆದರೆ ಸ್ಕಾಡಾದಲ್ಲಿ (ರೀಡಿಂಗ್ ತರಿಸಿ ತೋರಿಸುವ ಕಂಪ್ಯೂಟರ್ ವ್ಯವಸ್ಥೆ) ಎಲ್ಲಾ ಮೀಟರ್‌ಗೂ ಟೈಮ್‌ಔಟ್. ಮೀಟರ್ ಬದಲಿಸಬೇಕಾ?

ಬೇಡ, ಮೀಟರ್ ಬಿಚ್ಚಬೇಡಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಅದರ ಹಿಂದೆ ಒಂದೇ ನಂಬಿಕೆ ಕೂತಿರುತ್ತದೆ: ಪಿಂಗ್ ಬಂದರೆ ಲೈನ್ ಸರಿ ಇದೆ. ಇದನ್ನು ಬುಡಸಮೇತ ಕೀಳದೆ ಮುಂದಿನ ಮಾತಿಗೆ ಅರ್ಥವಿಲ್ಲ.

ಪಿಂಗ್‌ಗೆ ಓಗೊಡುವುದು ಗೇಟ್‌ವೇ, ಮೀಟರ್ ಅಲ್ಲ. ಮೀಟರಿಗೆ ಐಪಿ ವಿಳಾಸವೇ ಇಲ್ಲ. ಅದಕ್ಕಿರುವುದು 1ರಿಂದ 247ರೊಳಗಿನ ಒಂದು ಸ್ಲೇವ್ ಐಡಿ, ಅಂದರೆ ಸೀರಿಯಲ್ ಲೈನಿನಲ್ಲಿ ಅದರ ನಂಬರ್, ಮಾತ್ರ. ಗೇಟ್‌ವೇಯ ಸೀರಿಯಲ್ ಪೋರ್ಟಿನಿಂದ ವೈರ್‌ಗಳನ್ನು ಬಿಚ್ಚಿ ಪಕ್ಕಕ್ಕಿಡಿ. ಆಗಲೂ ಪಿಂಗ್ ಬರುತ್ತದೆ. ದಯವಿಟ್ಟು ಒಂದು ಸಲ ಮಾಡಿ ನೋಡಿ, ಆಮೇಲೆ ನಾನು ಹೇಳುವುದೇ ಬೇಕಿಲ್ಲ. ವಠಾರದ ಬಾಗಿಲಲ್ಲಿ ನಿಂತು ಕೂಗಿದರೆ ಮುಂದಿನ ಮನೆಯವರು "ಯಾರು?" ಅಂತಾರೆ. ಹಿಂದಿನ ಮನೆಯವರು ಊರಲ್ಲಿದ್ದಾರೋ ಇಲ್ಲವೋ ಅಂತ ಅದರಿಂದ ಗೊತ್ತಾಗುವುದಿಲ್ಲ, ಅಲ್ವಾ?

ಪಿಂಗ್ ಬಂತು ಅಂದರೆ ಗೇಟ್‌ವೇಗೆ ಪವರ್ ಇದೆ, ಅಲ್ಲಿಯವರೆಗೆ ದಾರಿ ಇದೆ. ಅಷ್ಟೇ. ಮಾಡ್‌ಬಸ್ ಟಿಸಿಪಿಗೆ (ಮೀಟರ್‌ಗಳ ಭಾಷೆಯಾದ ಮಾಡ್‌ಬಸ್‌ನ ನೆಟ್‌ವರ್ಕ್ ರೂಪ) ಬೇಕಾದ 502 ಪೋರ್ಟ್ ತೆರೆದಿದೆ ಅಂತಲೂ ಅದು ಹೇಳುವುದಿಲ್ಲ. ಪಿಂಗನ್ನು ಒಳಗೆ ಬಿಟ್ಟು 502 ಮಾತ್ರ ತಡೆಯುವ ಫೈರ್‌ವಾಲ್‌ಗಳು ಬೇಕಾದಷ್ಟಿವೆ.

ಹಾಗಾದರೆ ಏನು ನೋಡಬೇಕು? ಗೇಟ್‌ವೇಯ ಸೀರಿಯಲ್ ಎಲ್‌ಇಡಿಗಳನ್ನು. ಟಿಎಕ್ಸ್ (ಕಳಿಸುವಾಗ ಮಿನುಗುವ ದೀಪ) ಮಿನುಗುತ್ತಲೇ ಇಲ್ಲ ಅಂದರೆ ಸ್ಕಾಡಾ ಕೇಳಿದ ಪ್ರಶ್ನೆ ಸೀರಿಯಲ್ ಕಡೆಗೆ ದಾಟಿಲ್ಲ. ಐಪಿ ಕಡೆ ಹುಡುಕಿ. ಟಿಎಕ್ಸ್ ಮಿನುಗುತ್ತದೆ, ಆರ್‌ಎಕ್ಸ್ (ಉತ್ತರ ಬಂದಾಗ ಮಿನುಗುವ ದೀಪ) ಕತ್ತಲು ಅಂದರೆ ಪ್ರಶ್ನೆ ಹೋಗಿದೆ, ಉತ್ತರ ಬಂದಿಲ್ಲ. ಜಾಸ್ತಿ ಕೇಸುಗಳು ಇಲ್ಲೇ ಸಿಗುತ್ತವೆ. ಬಾಡ್‌ರೇಟ್ (ಲೈನಿನ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್‌ನ ಸೆಟ್ಟಿಂಗ್), ಸ್ಲೇವ್ ಐಡಿ ಮೂರನ್ನೂ ಮೀಟರ್ ಡಿಸ್‌ಪ್ಲೇಯಲ್ಲೇ ಓದಿ ನಿಮ್ಮ ಸೆಟ್ಟಿಂಗ್ ಜೊತೆ ತಾಳೆ ನೋಡಿ, ಡ್ರಾಯಿಂಗ್ ನಂಬಬೇಡಿ. ಎ, ಬಿ ವೈರ್ ಅದಲುಬದಲು ಮಾಡಿ ನೋಡಿ. ಒಂದು ಕಂಪನಿಯ ಎ ಇನ್ನೊಂದು ಕಂಪನಿಯ ಬಿ ಆಗಿರುತ್ತದೆ, ತಿರುಗಿಸಿದರೆ ಏನೂ ಸುಡುವುದಿಲ್ಲ.

ವೈರ್ ಸರಿಯಿದ್ದೂ ಮೀಟರ್ ಮೌನವಾಗಿದ್ದರೆ ಗೇಟ್‌ವೇಯ ಮೋಡ್ ನೋಡಿ. ಸೀರಿಯಲ್ ಲೈನಿನಲ್ಲಿ ಓಡುವ ಮಾಡ್‌ಬಸ್ ಆರ್‌ಟಿಯು ಸಂದೇಶದ ಕೊನೆಯಲ್ಲಿ ತಪ್ಪು ಹಿಡಿಯುವ 2 ಬೈಟ್ ಸಿಆರ್‌ಸಿ ಇರುತ್ತದೆ. ಮಾಡ್‌ಬಸ್ ಟಿಸಿಪಿಯಲ್ಲಿ ಅದಿಲ್ಲ, ಬದಲಿಗೆ ಮುಂದೆ 7 ಬೈಟ್ ಹೆಡರ್ ಇರುತ್ತದೆ. ಗೇಟ್‌ವೇ ಒಂದನ್ನು ಇನ್ನೊಂದಕ್ಕೆ ಬದಲಾಯಿಸಿ ಕೊಡಬೇಕು. ಅದನ್ನು ಟ್ರಾನ್ಸ್‌ಪರೆಂಟ್ ಮೋಡಿನಲ್ಲಿ ಬಿಟ್ಟಿದ್ದರೆ ಬಂದದ್ದನ್ನು ಹಾಗೇ ಮೀಟರಿಗೆ ತಳ್ಳುತ್ತದೆ. ಸಿಆರ್‌ಸಿ ತಾಳೆಯಾಗದ ಸಂದೇಶಕ್ಕೆ ಮೀಟರ್ ಉತ್ತರ ಕೊಡಬಾರದು ಅನ್ನುವುದೇ ನಿಯಮ. ಅದು ಕೆಟ್ಟಿಲ್ಲ, ಸರಿಯಾಗಿಯೇ ಕೆಲಸ ಮಾಡುತ್ತಿದೆ. ಸುಮ್ನೆ ಬಿಚ್ಚಿ ವಾಪಸ್ ಕಳಿಸಿದ ಮೀಟರ್‌ಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಸ್ಕಾಡಾದಲ್ಲಿ ಎಕ್ಸೆಪ್ಷನ್ 11 (ಮಾಡ್‌ಬಸ್‌ನ ಒಂದು ದೋಷ ಸಂಖ್ಯೆ) ಕಂಡರೆ ಖುಷಿಪಡಿ. "ನಾನು ಕೇಳಿದೆ, ಮೀಟರ್ ಉತ್ತರಿಸಲಿಲ್ಲ" ಅಂತ ಗೇಟ್‌ವೇಯೇ ಹೇಳುತ್ತಿದೆ. ನೆಟ್‌ವರ್ಕ್‌ನವರನ್ನು ಬಿಟ್ಟುಬಿಡಿ, ಯುಎಸ್‌ಬಿ ಕನ್ವರ್ಟರ್ ಹಾಕಿದ ಲ್ಯಾಪ್‌ಟಾಪ್ ಹಿಡಿದು ಪ್ಯಾನೆಲ್ ಹತ್ತಿರ ಹೋಗಿ, ಮೀಟರನ್ನೇ ನೇರವಾಗಿ ಕೇಳಿ. ಅಲ್ಲಿ ಮೊದಲು ಗೇಟ್‌ವೇ ವೈರ್ ತೆಗೆಯಿರಿ. ಒಂದೇ ಲೈನಿನಲ್ಲಿ ಇಬ್ಬರು ಪ್ರಶ್ನೆ ಕೇಳಿದರೆ ಇಬ್ಬರಿಗೂ ಉತ್ತರ ಕೆಡುತ್ತದೆ.

ಇಷ್ಟಾದ ಮೇಲೆ ರೀಡಿಂಗ್ ಬರುತ್ತದೆ. ಆಗ ಇನ್ನೊಂದು ಗಾಬರಿ ಶುರುವಾಗುತ್ತದೆ. ನೀವು ಕೇಳಿಲ್ಲ, ಆದರೂ ಈಗಲೇ ಹೇಳಿಬಿಡುತ್ತೇನೆ. 230 ವೋಲ್ಟ್ ಇರಬೇಕಾದಲ್ಲಿ 17254 ಅಂತ ಬರುತ್ತದೆ, ಪಕ್ಕದ ರಿಜಿಸ್ಟರ್‌ನಲ್ಲಿ (ಮೀಟರ್‌ನೊಳಗೆ ರೀಡಿಂಗ್ ಇಡುವ ಖಾನೆ) 0. ಇದೂ ಮೀಟರ್ ತಪ್ಪಲ್ಲ. ಮಾಡ್‌ಬಸ್ ರಿಜಿಸ್ಟರ್ 16 ಬಿಟ್‌ನದು, ಫ್ಲೋಟ್ (ದಶಾಂಶವಿರುವ) ಸಂಖ್ಯೆಗೆ 32 ಬಿಟ್ ಬೇಕು. ಹಾಗಾಗಿ 230.0 ಎರಡು ತುಂಡಾಗಿ ಕೂತಿದೆ: ಒಂದು 17254, ಇನ್ನೊಂದು 0. ಎರಡನ್ನೂ ಸೇರಿಸಿ ಫ್ಲೋಟ್ ಅಂತ ಓದಿಸಿ. ಆಗಲೂ ಸೊನ್ನೆಯ ಹತ್ತಿರದ ಸಂಖ್ಯೆಯೇ ಬಂದರೆ, ಸ್ಕಾಡಾದಲ್ಲಿ ವರ್ಡ್ ಆರ್ಡರ್, ಅಂದರೆ ಆ ಎರಡು ತುಂಡುಗಳ ಕ್ರಮ, ಹಿಂದುಮುಂದು ಮಾಡಿ.