ವಾಸಿಯಾಗದ ಉಳುಕು ಮತ್ತು ಟೇಲಸ್ ಮೂಳೆಯ ಗೆಡ್ಡೆ

ಆಡುವಾಗ ಕಾಲು ಉಳುಕಿತೆಂದು ಪಟ್ಟಿ ಕಟ್ಟಿಸಿಕೊಂಡ ಹದಿಹರೆಯದವರಲ್ಲಿ ನೋವು ಕೆಲವು ವಾರಗಳಲ್ಲಿ ಇಳಿಮುಖವಾಗಬೇಕು. ತಿಂಗಳುಗಟ್ಟಲೆ ಉಳಿದು, ಹಗಲಿಗಿಂತ ರಾತ್ರಿಯೇ ಹೆಚ್ಚಾಗಿ ನಿದ್ದೆಗೆಡಿಸುತ್ತಿದ್ದರೆ ನಾನು ಉಳುಕಿನ ಮಾತನ್ನು ಬದಿಗಿಟ್ಟು ಆಸ್ಟಿಯಾಯ್ಡ್ ಆಸ್ಟಿಯೋಮಾ ಇರಬಹುದೇ ಎಂದು ನೋಡುತ್ತೇನೆ. 1935ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಹೆನ್ರಿ ಜಾಫೆ ಪ್ರತ್ಯೇಕವಾಗಿ ಗುರುತಿಸಿದ ಈ ಮೂಳೆಗೆಡ್ಡೆ ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗುವುದೂ ಇಲ್ಲ. ಇದು ತೊಡೆ ಮತ್ತು ಮೊಣಕಾಲಿನ ಕೆಳಭಾಗದ ಉದ್ದ ಮೂಳೆಗಳಲ್ಲೇ ಹೆಚ್ಚು. ಪಾದದಲ್ಲಿ ವಿರಳವಾದರೂ, ಬಂದಾಗ ಹಿಮ್ಮಡಿಯ ಮೇಲೆ ಕೂತಿರುವ ಟೇಲಸ್ ಮೂಳೆಯ ಕತ್ತಿನ ಭಾಗವನ್ನು ಹಿಡಿಯುವುದುಂಟು.

ಗೆಡ್ಡೆಯ ತಿರುಳು ಸಾಮಾನ್ಯವಾಗಿ 1.5 ಸೆಂಟಿಮೀಟರಿಗಿಂತ ಚಿಕ್ಕದು, ಹಲವು ಬಾರಿ ಕಡಲೆಕಾಳಿನಷ್ಟೇ. ಆದರೆ ಅದು ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ವಿಪರೀತವಾಗಿ ಉತ್ಪಾದಿಸುವುದರಿಂದ ಗಾತ್ರಕ್ಕೆ ಮೀರಿದ ನೋವು ಕೊಡುತ್ತದೆ. ಆ ರಾಸಾಯನಿಕವನ್ನು ತಡೆಯುವ ಐಬುಪ್ರೊಫೇನ್‌ನಂಥ ಮಾತ್ರೆ ನುಂಗಿದರೆ ನೋವು ಬೇಗ ಶಮನವಾಗುವುದೂ ಇದೇ ಕಾರಣಕ್ಕೆ. (ಹಾಗೆಂದು ಮನೆಯಲ್ಲೇ ಮಕ್ಕಳಿಗೆ ಇದೇ ಗುಂಪಿನ ಆಸ್ಪಿರಿನ್ ಕೊಟ್ಟು ಪರೀಕ್ಷಿಸಬಾರದು.)

ಉದ್ದ ಮೂಳೆಯಲ್ಲಾದರೆ ಗೆಡ್ಡೆಯ ಸುತ್ತ ಮೂಳೆ ದಪ್ಪಗಟ್ಟಿ ಎಕ್ಸ್‌ರೇಯಲ್ಲೇ ಸುಳಿವು ಸಿಗುತ್ತದೆ. ಟೇಲಸ್‌ನಲ್ಲಿ ಗೆಡ್ಡೆ ಕೀಲಿನ ಒಳಗಿದ್ದರೆ ಆ ದಪ್ಪಗಟ್ಟುವಿಕೆ ಅತ್ಯಲ್ಪ. ಬದಲಿಗೆ ಕೀಲಿನ ಒಳಪೊರೆ ಊದಿಕೊಂಡು ನೀರು ತುಂಬುತ್ತದೆ, ರೋಗಿಗೆ ಸಂಧಿವಾತದ ಹಣೆಪಟ್ಟಿ ಬೀಳುತ್ತದೆ. ಎಂಆರ್‌ಐ ಕೂಡ ಇಲ್ಲಿ ದಾರಿ ತಪ್ಪಿಸಬಲ್ಲದು: ಮೂಳೆಮಜ್ಜೆಯ ಬಾವು ಎದ್ದು ಕಂಡು, ಅದಕ್ಕೆ ಮೂಲವಾದ ಪುಟ್ಟ ತಿರುಳು ಅದರಲ್ಲೇ ಮರೆಯಾಗುತ್ತದೆ. ನನ್ನ ಮಟ್ಟಿಗೆ ಇಲ್ಲಿ ತೀರ್ಮಾನ ಹೇಳುವುದು ತೆಳು ಪದರಗಳ ಸಿಟಿ ಸ್ಕ್ಯಾನ್. ಅದರಲ್ಲಿ ದುಂಡನೆಯ ಕಪ್ಪು ಚುಕ್ಕೆ, ಹಲವೊಮ್ಮೆ ಅದರ ನಡುವೆ ಬಿಳಿಯ ಕಣವೊಂದು, ಸ್ಪಷ್ಟವಾಗಿ ಕಾಣುತ್ತದೆ.

ಕೆಲವರಲ್ಲಿ ಗೆಡ್ಡೆ ವರ್ಷಗಳ ನಂತರ ತಾನಾಗಿಯೇ ತಣ್ಣಗಾಗುತ್ತದೆ, ಆದರೆ ಅಲ್ಲಿಯವರೆಗೆ ದಿನವೂ ಮಾತ್ರೆ ನುಂಗಿದರೆ ಹೊಟ್ಟೆ ಮತ್ತು ಮೂತ್ರಪಿಂಡ ಕೇಳಬೇಕಲ್ಲ! ಆದ್ದರಿಂದ ಸಿಟಿಯ ಮಾರ್ಗದರ್ಶನದಲ್ಲಿ ಸೂಜಿಯನ್ನು ತಿರುಳಿಗೆ ತಲುಪಿಸಿ, ರೇಡಿಯೋ ತರಂಗದಿಂದ ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ನಿಮಿಷ ಸುಡುವ ವಿಧಾನ ಇಂದು ಹೆಚ್ಚು ಬಳಕೆಯಲ್ಲಿದೆ. ಟೇಲಸ್‌ನ ಬಹುಪಾಲು ಮೃದ್ವಸ್ಥಿಯಿಂದ ಮುಚ್ಚಿರುವುದರಿಂದ, ಗೆಡ್ಡೆ ಅದಕ್ಕೆ ತೀರಾ ಹತ್ತಿರವಿದ್ದರೆ ಸುಡುವ ಬದಲು ಶಸ್ತ್ರಚಿಕಿತ್ಸೆಯಿಂದ, ಸಾಧ್ಯವಾದರೆ ಕೀಲಿನೊಳಗೆ ತೂರಿಸುವ ದೂರ್ಬೀನಿನ ಮೂಲಕ, ಕೆರೆದು ತೆಗೆಯುವುದು ಮೇಲು. ತಿರುಳು ಪೂರ್ತಿ ನಾಶವಾಗಿದ್ದರೆ ರಾತ್ರಿಯ ನೋವು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ನಿಲ್ಲುತ್ತದೆ. ಮರಳಿ ಬಂದರೆ ತಿರುಳಿನ ಚೂರು ಉಳಿದಿದೆಯೇ ಎಂದು ಮತ್ತೆ ಸಿಟಿ ಮಾಡಿಸಬೇಕಾಗುತ್ತದೆ.