ವಿಶ್ರಾಂತಿಯಿಂದ ವಾಸಿಯಾಗದ ಮಂಡಿನೋವು

ಊರೂರಿನ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗಳ ಕಾಲ ಬಂತೆಂದರೆ, ಚಿಕಿತ್ಸೆಗೆ ಬರುವ ಆಟಗಾರರಲ್ಲಿ ಬಹಳ ಮಂದಿ ಒಂದೇ ಜಾಗಕ್ಕೆ ಬೆರಳಿಟ್ಟು ತೋರಿಸುತ್ತಾರೆ: ಮಂಡಿಚಿಪ್ಪಿನ ಕೆಳತುದಿ. ಅವರು ಹೇಳುವ ಕಥೆಯೂ ಹೆಚ್ಚುಕಡಿಮೆ ಒಂದೇ. ನೋವು ಬಂದಾಗ ಆಟ ನಿಲ್ಲಿಸಿ ಒಂದೆರಡು ತಿಂಗಳು ಸುಮ್ಮನಿದ್ದರು, ನೋವು ಪೂರ್ತಿ ಹೋಯಿತು, ಮತ್ತೆ ಅಂಕಣಕ್ಕೆ ಇಳಿದ ಎರಡನೇ ವಾರದಲ್ಲೇ ಅದು ಮೊದಲಿಗಿಂತ ಜೋರಾಗಿ ಮರಳಿತು. ಆಗ ಅವರು ಮಾಡುವುದೇನೆಂದರೆ, ಮೊದಲಿಗಿಂತ ಹೆಚ್ಚು ದಿನ ಸುಮ್ಮನಿರುವುದು. ಹೀಗೆ ಎರಡು ಮೂರು ಸುತ್ತು ಕಳೆದು, ಒಳ್ಳೆಯ ಆಟದ ವಯಸ್ಸನ್ನೇ ಕಳೆದುಕೊಂಡು ಬಂದ ಹುಡುಗರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅವರು ಸೋಮಾರಿಗಳಲ್ಲ, ಹೇಳಿದ್ದನ್ನು ಶ್ರದ್ಧೆಯಿಂದ ಪಾಲಿಸಿದವರು. ಅವರಿಗೆ ಹೇಳಿಕೊಟ್ಟದ್ದೇ ಅರ್ಧ ಮಾತ್ರ ಸರಿ.

ಈ ತೊಂದರೆ ಅಪರೂಪದ್ದಲ್ಲ. ನಾರ್ವೆಯ ಉನ್ನತ ಮಟ್ಟದ ಕ್ರೀಡಾಪಟುಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಾಲಿಬಾಲ್ ಆಟಗಾರರಲ್ಲಿ ಸುಮಾರು ಶೇ. 45ರಷ್ಟು ಮಂದಿಗೆ ಇದು ಇತ್ತು. ಮಂಡಿಚಿಪ್ಪನ್ನು ಕಾಲಿನ ಮೂಳೆಗೆ ಬಿಗಿಯುವ ಸ್ನಾಯುರಜ್ಜು, ಅಂದರೆ ಟೆಂಡನ್, ಪ್ರತಿ ಜಿಗಿತದಲ್ಲೂ ಪ್ರತಿ ಇಳಿತದಲ್ಲೂ ದೇಹತೂಕದ ಹಲವು ಪಟ್ಟು ಹೊರೆಯನ್ನು ಹೊರುತ್ತದೆ. ಹೊರೆ ದಿಢೀರನೆ ಏರಿದಾಗ ಅದರ ಒಳಗಿನ ಎಳೆಗಳ ಜೋಡಣೆ ಕೆಡುತ್ತದೆ. ಇದು ಚರ್ಮದ ಗಾಯದಂತೆ ಬಿಟ್ಟರೆ ತಾನಾಗಿ ಮಾಯುವ ಕೆಡುಕಲ್ಲ.

ಸ್ನಾಯು ಮತ್ತು ಸ್ನಾಯುರಜ್ಜು ತಮ್ಮ ಮೇಲೆ ಬೀಳುವ ಹೊರೆಗೆ ತಕ್ಕಷ್ಟೇ ಬಲವನ್ನು ಉಳಿಸಿಕೊಳ್ಳುತ್ತವೆ. ನೀವು ಎರಡು ತಿಂಗಳು ಸುಮ್ಮನಿದ್ದರೆ ನೋವು ಹೋಗುತ್ತದೆ, ಏಕೆಂದರೆ ನೋವು ಬರಿಸುವ ಕೆಲಸವನ್ನೇ ನೀವು ಮಾಡುತ್ತಿಲ್ಲ. ಆದರೆ ಅದೇ ಎರಡು ತಿಂಗಳಲ್ಲಿ ಹೊರೆ ತಾಳುವ ಶಕ್ತಿಯೂ ಇಳಿದಿರುತ್ತದೆ, ತೊಡೆಯ ಸ್ನಾಯುವೂ ಸೊರಗಿರುತ್ತದೆ. ಮರಳಿ ಆಡಲು ಹೋದ ದಿನ ಜಿಗಿತದ ಹೊರೆ ಹಳೆಯಷ್ಟೇ ಇರುತ್ತದೆ, ಅದನ್ನು ಹೊರುವ ಮಂಡಿ ಮಾತ್ರ ಮೊದಲಿಗಿಂತ ದುರ್ಬಲವಾಗಿರುತ್ತದೆ. ನೋವು ಇಲ್ಲದಿರುವುದನ್ನು ಬಲ ಬಂದಿರುವುದೆಂದು ತಿಳಿಯಬೇಡಿ ಎಂದು ನಾನು ಪದೇಪದೇ ಹೇಳುವುದು ಇದಕ್ಕಾಗಿಯೇ.

ಕಾದು ಕೂರುವುದರಿಂದ ಹೆಚ್ಚು ಪ್ರಯೋಜನವಿಲ್ಲ ಎನ್ನಲು ಇನ್ನೊಂದು ಆಧಾರವಿದೆ. 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಹೆಚ್ಚಾಗಿ, ಆ ಕಾಲದವರ ದೇಹದಲ್ಲೂ ಸೇರಿಕೊಂಡಿತು. ಡೆನ್ಮಾರ್ಕಿನ ವಿಜ್ಞಾನಿಗಳು ಅದರ ಪ್ರಮಾಣವನ್ನು ಹಿಮ್ಮಡಿಯ ರಜ್ಜುವಿನಲ್ಲಿ ಅಳೆದು, ಅದರ ಒಳತಿರುಳು ಸುಮಾರು 17ನೆಯ ವಯಸ್ಸಿನ ಹೊತ್ತಿಗೆ ರೂಪುಗೊಂಡ ಮೇಲೆ ಬಹುಮಟ್ಟಿಗೆ ಹೊಸದಾಗುವುದೇ ಇಲ್ಲವೆಂದು 2013ರಲ್ಲಿ ತೋರಿಸಿದರು. ಮಂಡಿಯ ರಜ್ಜುವಿಗೂ ಇದು ಹಾಗೆಯೇ ಅನ್ವಯಿಸುತ್ತದೆಂದು ಖಚಿತವಾಗಿ ಹೇಳಲು ನಾನು ಹಿಂಜರಿಯುತ್ತೇನೆ. ಆದರೂ ಚಿಕಿತ್ಸೆಯ ಗುರಿ ಸ್ಪಷ್ಟವಾಗಿದೆ: ಕೆಟ್ಟ ಭಾಗವನ್ನು ಹೊಸದಾಗಿ ಹೆಣೆಯುವುದಲ್ಲ, ಉಳಿದ ಒಳ್ಳೆಯ ಭಾಗವನ್ನೂ ತೊಡೆಯ ಸ್ನಾಯುವನ್ನೂ ಆ ಹೊರೆ ತಾಳುವಷ್ಟು ಗಟ್ಟಿಗೊಳಿಸುವುದು. ಆದ್ದರಿಂದಲೇ ಸ್ಕ್ಯಾನ್‌ನಲ್ಲಿ ದೋಷ ಹಾಗೆಯೇ ಉಳಿದಿದ್ದರೂ ಎಷ್ಟೋ ಮಂದಿ ನೋವಿಲ್ಲದೆ ಆಡುತ್ತಾರೆ.

ಹೊರೆಯೇ ಔಷಧ ಎಂಬ ಮಾತು ನನ್ನದಲ್ಲ. 1998ರಲ್ಲಿ ಸ್ವೀಡನ್ನಿನ ಹೋಕನ್ ಆಲ್ಫ್ರೆಡ್ಸನ್ ಮತ್ತು ಅವರ ಸಂಗಡಿಗರು, ಹಿಮ್ಮಡಿಯ ರಜ್ಜು ಬಹುಕಾಲದಿಂದ ನೋಯುತ್ತಿದ್ದ 15 ಮಂದಿ ಓಟಗಾರರಿಗೆ, ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮವನ್ನು ದಿನಕ್ಕೆರಡು ಬಾರಿ, 12 ವಾರ, ನೋವಿದ್ದರೂ ನಿಲ್ಲಿಸದೆ ಮಾಡಿಸಿದರು. ಹದಿನೈದು ಮಂದಿಯೂ ಓಟಕ್ಕೆ ಮರಳಿದರು. ಆಮೇಲೆ ಬಂದ, ಭಾರ ಹೊತ್ತು ನಿಧಾನವಾಗಿ ಮಾಡುವ ವ್ಯಾಯಾಮಗಳು ಮಂಡಿಗೂ ಚೆನ್ನಾಗಿ ಒಗ್ಗಿವೆ.

ಮಂಡ್ಯ ಕಡೆಯ ಹುಡುಗನೊಬ್ಬನಿಗೆ ಇದನ್ನೆಲ್ಲ ವಿವರಿಸುವಾಗ ಅವನ ತರಬೇತುದಾರರು ತಲೆಯಾಡಿಸುತ್ತಲೇ ಇದ್ದರು, ಆದರೆ ಒಪ್ಪಿದಂತೆ ಕಾಣಲಿಲ್ಲ. ಜೊತೆಗೆ ಬಂದಿದ್ದ ಅವನ ತಂದೆ ಬೇಸಾಯಗಾರರು. "ಬ್ಯಾಸ್ಗೇಲೆಲ್ಲ ಕಟ್ಟಾಕಿದ್ದ ಎತ್ತ ಮೊದಲ ಮಳೆಗೇ ಇಡೀ ದಿನ ಹೂಡಕ್ಕಾಯ್ತದಾ ಡಾಕ್ಟ್ರೇ? ಒಸಿ ಒಸಿ ಪಳಗುಸ್ಬೇಕು" ಎಂದರು. ನನ್ನ ಅರ್ಧ ಗಂಟೆಯ ವಿವರಣೆಗಿಂತ ಆ ಮಾತು ಹುಡುಗನಿಗೆ ಚೆನ್ನಾಗಿ ನಾಟಿತು.

ಪಳಗಿಸುವ ಬಗೆ ಹೀಗೆ. ಆಟವನ್ನು ಪೂರ್ತಿ ಬಿಡಬೇಕಿಲ್ಲ, ಜಿಗಿತಗಳನ್ನು ಕಡಿಮೆ ಮಾಡಬೇಕು. ನೋವು ತೀವ್ರವಿರುವಾಗ, ಗೋಡೆಗೆ ಬೆನ್ನು ಕೊಟ್ಟು ಅರ್ಧ ಬಸ್ಕಿಯಲ್ಲಿ 45 ಸೆಕೆಂಡು ಕದಲದೆ ನಿಲ್ಲುವುದನ್ನು ಎರಡೆರಡು ನಿಮಿಷದ ಬಿಡುವಿನಲ್ಲಿ ಐದು ಸಲ ಮಾಡಿದರೆ ಕೆಲವರಿಗೆ ಒಳ್ಳೆಯ ಶಮನ ಸಿಗುತ್ತದೆ, ಎಲ್ಲರಿಗೂ ಅಲ್ಲ. ಬಳಿಕ ಮೂರು ಸೆಕೆಂಡು ಇಳಿದು ಮೂರು ಸೆಕೆಂಡು ಏಳುವ ನಿಧಾನದ ಬಸ್ಕಿಯನ್ನು ವಾರಕ್ಕೆ ಮೂರು ದಿನ, ಭಾರವನ್ನು ವಾರವಾರವೂ ಸ್ವಲ್ಪ ಏರಿಸುತ್ತ ಮಾಡಬೇಕು. ಗರಡಿಯಲ್ಲಿ ನೂರಾರು ಬಸ್ಕಿಯನ್ನು ರಭಸದಿಂದ ಹೊಡೆದು ರೂಢಿಯಿರುವವರು ಗಮನಿಸಬೇಕಾದದ್ದು, ಇಲ್ಲಿ ಬೇಕಾಗಿರುವುದು ಎಣಿಕೆಯಲ್ಲ, ಭಾರ ಮತ್ತು ನಿಧಾನ. ಜಿಗಿತದ ಅಭ್ಯಾಸ ಕೊನೆಯ ಹಂತ. ಇದಕ್ಕೆಲ್ಲ ಕಡಿಮೆಯೆಂದರೂ ಮೂರು ತಿಂಗಳು ಬೇಕು, ಹಳೆಯ ನೋವಿಗೆ ಆರು ತಿಂಗಳಾದರೂ ಹಿಡಿದೀತು.

ವ್ಯಾಯಾಮದ ಹೊತ್ತಿನಲ್ಲಿ ತುಸು ನೋವಾದರೆ ಹೆದರಿ ನಿಲ್ಲಿಸುವುದು ಎರಡನೆಯ ತಪ್ಪು. ಹತ್ತಕ್ಕೆ ಮೂರರಷ್ಟು ನೋವನ್ನು ಸಾಮಾನ್ಯವಾಗಿ ಒಪ್ಪಬಹುದು. ತೀರ್ಪು ಕೊಡಬೇಕಾದದ್ದು ಮರುದಿನದ ಬೆಳಗು: ಎದ್ದೊಡನೆ ಒಂಟಿಕಾಲಲ್ಲಿ ಅರ್ಧ ಬಸ್ಕಿ ಮಾಡಿ, ನೋವಿನ ಅಂಕವನ್ನು ಪುಸ್ತಕದಲ್ಲಿ ಬರೆದಿಡಿ. ನಿನ್ನೆಯಷ್ಟೇ ಇದ್ದರೆ ಹೊರೆ ಸರಿಯಾಗಿದೆ. ಹೆಚ್ಚಿದ್ದರೆ ಭಾರವನ್ನು ಕಡಿಮೆ ಮಾಡಿ, ವ್ಯಾಯಾಮವನ್ನು ಬಿಡಬೇಡಿ.

ಎಣ್ಣೆ ತಿಕ್ಕುವುದು, ನೀ ಕ್ಯಾಪ್ ಹಾಕುವುದು ಹಿತವೆನಿಸಿದರೆ ನನ್ನ ಅಡ್ಡಿಯಿಲ್ಲ. ಪಂದ್ಯದ ಹಿಂದಿನ ದಿನ ಸ್ಟೀರಾಯ್ಡ್ ಚುಚ್ಚಿಸಿಕೊಂಡು ಆಡುವುದಕ್ಕೆ ಮಾತ್ರ ನನ್ನ ಬಲವಾದ ವಿರೋಧವಿದೆ. ನೋವು ಕೆಲವು ವಾರ ಅಡಗಬಹುದು, ಆದರೆ ರಜ್ಜು ದುರ್ಬಲವಾಗಿ ಹರಿಯುವ ಅಪಾಯವಿದೆ. ಜ್ವರಕ್ಕೋ ಹೊಟ್ಟೆಗೋ ಔಷಧದಂಗಡಿಯಲ್ಲಿ ಕೇಳಿ ತರುವ ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳಿಗೂ ಸ್ನಾಯುರಜ್ಜುವಿನ ಹಾನಿಗೂ ಸಂಬಂಧವಿದ್ದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿಯೇ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು. ವೈದ್ಯರು ಬರೆದುಕೊಡುವಾಗ ನೀವು ಆಟಗಾರರೆಂದು ತಿಳಿಸಿ.

ನಾನು ಬರೆದದ್ದು ನಿಧಾನವಾಗಿ ಬೆಳೆದ ನೋವಿನ ಬಗ್ಗೆ. ಬಿದ್ದು ತಿರುಚಿಕೊಂಡು ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡರೆ, ಮಡಿಸಿದ ಕಾಲು ಬಿಡಿಸಲಾಗದಿದ್ದರೆ, ಹಿಮ್ಮಡಿಯ ಹಿಂದೆ ಫಟ್ ಎಂದು ಸದ್ದಾಗಿ ಕಾಲೂರಲು ಬಲವಿಲ್ಲದಂತಾದರೆ ಅಂದೇ ಮೂಳೆ ವೈದ್ಯರನ್ನು ಕಾಣಬೇಕು. ಹನ್ನೆರಡರಿಂದ ಹದಿನೈದರ ವಯಸ್ಸಿನ ಮಕ್ಕಳಿಗೆ ಮಂಡಿಯ ಕೆಳಗಿನ ಮೂಳೆಯ ಉಬ್ಬು ನೋಯುತ್ತಿದ್ದರೆ ಅದು ಬೆಳವಣಿಗೆಯ ಕಾಲದ ಬೇರೆಯೇ ತೊಂದರೆ, ಅವರಿಗೆ ದೊಡ್ಡವರ ಭಾರವನ್ನು ಹೊರಿಸಬೇಡಿ.

ಜನವರಿಯಲ್ಲಿ ಪಂದ್ಯಾವಳಿಗೆ ಹೆಸರು ಕೊಡುವವರು ನಿಧಾನದ ಬಸ್ಕಿಯನ್ನು ಅಕ್ಟೋಬರ್ ಮೊದಲ ವಾರದಲ್ಲೇ ಶುರುಮಾಡಲಿ, ಮತ್ತು ಪಂದ್ಯಗಳು ನಡೆಯುತ್ತಿರುವಾಗಲೂ ವಾರಕ್ಕೆರಡು ದಿನವಾದರೂ ಅದನ್ನು ಮುಂದುವರಿಸಲಿ.